ಈಶಾನ್ಯ ತಪ್ಪಿದ ವ್ಯಾನು

ಬೋಗಾದಿಯಲ್ಲಿ ತಾರಸಿ ಸೋರಿದರೆ ಮೊದಲು ಗಾರೆ ಕೆಲಸದ ಬೆಟ್ಟಯ್ಯನವರನ್ನೇ ಕರೆಸುತ್ತಿದ್ದರು. ಬಂದವರು ಏಣಿ ಕೇಳುತ್ತಿರಲಿಲ್ಲ, ಚಾಪೆ ಕೇಳುತ್ತಿದ್ದರು. ಸೋರುವ ಕೋಣೆಯಲ್ಲಿ ಅಂಗಾತ ಮಲಗಿ ಅರ್ಧ ಗಂಟೆ ಸೂರು ದಿಟ್ಟಿಸುತ್ತಿದ್ದರು. ಹೊಸಬರು, ಈ ಮನುಷ್ಯ ಕೂಲಿಗೆ ಬಂದು ನಿದ್ದೆ ಹೊಡೆಯುತ್ತಿದ್ದಾನೆ ಎಂದು ಗೊಣಗುತ್ತಿದ್ದರು. ಆಮೇಲೆ ಬೆಟ್ಟಯ್ಯ ಎದ್ದು "ಈಶಾನ್ಯ ಯಾವ್ ಕಡೆ?" ಎಂದು ಕೇಳಿ ಮೇಲೆ ಹತ್ತಿದರೆಂದರೆ ಆ ತಾರಸಿ ಮತ್ತೆ ಸೋರುತ್ತಿರಲಿಲ್ಲ. ಮಳೆನೀರು ಈಶಾನ್ಯ ಮೂಲೆಯಿಂದಲೇ ಹೊರಬೀಳಬೇಕು, ಇಲ್ಲದಿದ್ದರೆ ಅದು ಮನೆಯೇ ಅಲ್ಲ ಎಂಬುದು ಅವರ ಹಟ.

ಈಗ ಅವರಿಗೆ ಅರವತ್ತೆಂಟು. ಹೋದ ವರ್ಷ ಏಣಿಯಿಂದ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಅಂದಿನಿಂದ ಅವರ ಹೆಂಡತಿ ಚೆಲುವಮ್ಮನಿಗೆ ಏಣಿ ಕಂಡರೆ ಎದೆ ಡವಡವ. ಕರಣೆ ಕೆಳಗಿಡಿ ಎಂದು ಆಕೆ ದಿನವೂ ಅಂಗಲಾಚಿದ್ದಕ್ಕೆ ಬೆಟ್ಟಯ್ಯ ಒಂದು ಮಾತು ಕೊಟ್ಟಿದ್ದರು. "ನಾನ್ ಮಾಡಿದ್ ಸೂರು ಒಂದೇ ಒಂದ್ ಹನಿ ಸೋರ್ಲಿ, ಅವತ್ತೇ ಕೆಲ್ಸ ಬುಟ್ಬುಡ್ತೀನಿ." ಸೋರಿದರೆ ತಾನೇ!

ಇಂಥವರನ್ನು ಎದುರುಮನೆಯ ಯೋಗೇಂದ್ರನಿಗೆ ಶಿಫಾರಸು ಮಾಡಿದ ಮಹಾಶಯ ನಾನು. ಯೋಗೇಂದ್ರ ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ಸಿಂಕು ಕೂರಿಸಿ, ಊರೂರು ಸುತ್ತುವ ಮನೆ ಮಾಡಿಕೊಂಡಿದ್ದ. ಮೊದಲ ಮಳೆಗೇ ಗಾಳಿಗೆಂದು ನೆತ್ತಿ ಕೊರೆದು ಕೂರಿಸಿದ್ದ ಫ್ಯಾನಿನ ಸಂದಿಯಿಂದ ಅವನ ಹೆಂಡತಿ ಸುಚಿತ್ರಾಳ ದಿಂಬಿನ ಮೇಲೆ ನೀರು ಸುರಿದಿತ್ತು.

ಬೆಟ್ಟಯ್ಯ ಮಂಚದ ಮೇಲೆ ಅರ್ಧ ಗಂಟೆ ಮಲಗಿ ಎದ್ದರು. "ಈಶಾನ್ಯ ಯಾವ್ ಕಡೆ?"

"ಗಾಡಿ ಎಲ್ಲಿಗೆ ಹೋಗ್ತಿದೆ ಅನ್ನೋದರ ಮೇಲಿದೆ ಬೆಟ್ಟಯ್ಯನೋರೆ," ಎಂದ ಯೋಗೇಂದ್ರ.

"ಮನೆ ಎಲ್ಲಿಗೂ ಹೋಗಲ್ಲ ಕಣ್ರೀ. ಒಲೆ ಐತೆ, ಹಾಸ್ಗೆ ಐತೆ, ಇದು ಮನೇನೆ."

ವ್ಯಾನು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಹಾಗಾಗಿ ಮುಂದಿನ ಎಡಮೂಲೆಯೇ ಈಶಾನ್ಯವಾಯಿತು. ತುಕ್ಕು ಕೆರೆದರು, ಫ್ಯಾನಿನ ಸುತ್ತ ಅಂಟು ತುಂಬಿದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ವ್ಯಾನಿನ ನೆತ್ತಿಯ ಸುತ್ತ ಸಿಮೆಂಟಿನಲ್ಲಿ ಎರಡಂಗುಲದ ಕಟ್ಟೆ ಕಟ್ಟಿ, ಈಶಾನ್ಯಕ್ಕೆ ಇಳಿಜಾರು ಕೊಟ್ಟು, ಕೊಳವೆ ಕೂರಿಸಿದರು. ಅವರು ಮೇಲಿದ್ದಷ್ಟು ಹೊತ್ತೂ ಚೆಲುವಮ್ಮ ಏಣಿಯ ಕಾಲನ್ನು ತಬ್ಬಿಕೊಂಡು ಕೂತಿದ್ದರು. ಕೊನೆಗೆ ಕೊಳವೆಗೆ ಬಟ್ಟೆ ತುರುಕಿ, ತಾರಸಿಗೆ ಮಾಡುವಂತೆ ಎರಡು ದಿನ ನೀರು ನಿಲ್ಲಿಸಿದರು. ಕಾಗೆಗಳು ಬಂದು ಸ್ನಾನ ಮಾಡಿ ಹೋದವು. ಒಳಗೆ ಒಂದು ಹನಿ ಇಲ್ಲ.

ಭಾನುವಾರ ಜಡಿಮಳೆ. ಪರೀಕ್ಷೆಗೆಂದು ಐದೂ ಜನ ವ್ಯಾನಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಗಂಡನಿಗೆಂದು ಕಾಯಿಸಿದ ಜೀರಿಗೆ ನೀರಿನ ಬಾಟಲಿ ಚೆಲುವಮ್ಮನ ಮಡಿಲಲ್ಲಿತ್ತು. ಬೆಟ್ಟಯ್ಯ ಕಿಟಕಿಗೆ ಮುಖ ಒತ್ತಿ ಕೊಳವೆಯನ್ನೇ ನೋಡುತ್ತಿದ್ದರು. ವ್ಯಾನು ದಕ್ಷಿಣಕ್ಕೆ ತಿರುಗಿದ್ದೇ ತಡ, ಕೂಗಿಕೊಂಡರು. "ನಿಲ್ಸಿ! ನೀರು ಅಗ್ನಿಮೂಲೇಲಿ ಬೀಳ್ತಾ ಐತೆ!"

"ಒಳಗೆ ಸೋರ್ತಿದೆಯಾ?" ಸ್ಟೀರಿಂಗ್ ಹಿಡಿದಿದ್ದ ಯೋಗೇಂದ್ರ ಕೇಳಿದ.

"ಸೋರ್ತಿಲ್ಲ. ಆದ್ರೆ ಸೋರ್ದೇ ಇರೋ ರೀತಿ ಸರಿ ಇಲ್ಲ!"

ಬೆಟ್ಟದ ತಿರುವುಗಳಲ್ಲಂತೂ ಅವರ ಪಾಡು ದೇವರಿಗೇ ಪ್ರೀತಿ. "ಈಗ ನೈಋತ್ಯ! ಆಂ, ಈಗ ಸರಿಹೋಯ್ತು, ಇಂಗೇ ಹೋಗಿ! ಅಯ್ಯೋ, ಮತ್ತೆ ಅಗ್ನಿ!" ಇಂಗೇ ಹೋದರೆ ಪ್ರಪಾತ ಎಂದು ಯೋಗೇಂದ್ರ ಹಲ್ಲು ಕಡಿದ. ದನವೊಂದು ಅಡ್ಡ ಬಂದು ಬ್ರೇಕ್ ಹಾಕಿದಾಗ ಕಟ್ಟೆಯೊಳಗಿನ ನೀರೆಲ್ಲ ಮುಂದಿನ ಗಾಜಿನ ಮೇಲೆ ಧುಮುಕಿತು. ಸುಚಿತ್ರಾ ಕಿರುಚಿದಳು.

ಬೆಟ್ಟಯ್ಯನವರ ಮುಖ ಮಾತ್ರ ಅರಳಿತು. "ಗೊತ್ತಾಯ್ತು! ನಾಳೆ ಮೇಲತ್ತಿ ನಾಕೂ ಮೂಲೆಗೂ ಕೊಳವೆ ಹಾಕ್ತೀನಿ. ತಿಂಗ್ಳಿಗ್ ಮುಗ್ಯೋ ಕೆಲ್ಸ ಅಲ್ಲ ಇದು."

ಚೆಲುವಮ್ಮನ ಮುಖ ಬಿಳಿಚಿಕೊಂಡಿತು. ಬೆಟ್ಟಯ್ಯ ಮತ್ತೆ ಕಿಟಕಿಯತ್ತ ತಿರುಗಿದಾಗ, ಆಕೆ ಬಾಟಲಿಯ ಮುಚ್ಚಳ ತೆಗೆದು, ಬೆರಳು ಅದ್ದಿ, ಫ್ಯಾನಿನ ಕೆಳಗಿದ್ದ ದಿಂಬಿನ ಮೇಲೆ ಮೂರು ಹನಿ ಚಿಮುಕಿಸಿದ್ದನ್ನು ನಾನು ಕಣ್ಣಾರೆ ಕಂಡೆ. "ನೋಡಿ, ಸೋರ್ಬುಡ್ತು," ಎಂದರು.

ಬೆಟ್ಟಯ್ಯ ಸೂರು ನೋಡಿದರು. ಒಣಗಿಯೇ ಇದ್ದ ಫ್ಯಾನಿನ ಸುತ್ತ ಕೈಯಾಡಿಸಿದರು. ಆಮೇಲೆ ದಿಂಬಿನ ಒದ್ದೆ ಮುಟ್ಟಿ, ಬೆರಳನ್ನು ಮೂಸಿ, ನಾಲಿಗೆಗೆ ಸೋಕಿಸಿದರು.

"ಹೂಂ, ಸೋರೈತೆ," ಎಂದರು ಯೋಗೇಂದ್ರನಿಗೆ. "ನಂದೇ ತಪ್ಪು. ಬೇರೆಯವ್ರುನ್ನ ನೋಡ್ಕೊಳ್ಳಿ ಸ್ವಾಮಿ."

ಆಮೇಲೆ ಹೆಂಡತಿಯ ಪಕ್ಕ ಕೂತು ಕೈ ಚಾಚಿದರು. "ಚೆಲುವಿ, ಉಳಿದಿದ್ ಮಳೆ ಇತ್ತ ಕೊಡು, ಬಾಯಾರ್ತಾ ಐತೆ."

ಆಕೆ ತಲೆಯೆತ್ತದೆ ಬಾಟಲಿ ಕೊಟ್ಟರು.