ತಿಂಡಿ ಆದ ಮೇಲೆ ಒಂದು

ಬೀದರಿನ ಬಸ್ ನಿಲ್ದಾಣದ ಎದುರು ಹೊಸದೊಂದು ಹೋಟೆಲ್ ತೆರೆದಿದೆ. ಮಾಲೀಕರು ಹಾಸನದ ಕಡೆಯವರಂತೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ಬೆಳಿಗ್ಗೆ ಬಿಸಿ ಬಿಸಿ ತಿಂಡಿ ಸಿಗುತ್ತದೆ' ಎಂದು ಬರೆಸಿದ್ದಾರೆ. ಮೊನ್ನೆ ಅದರ ಕೆಳಗೆ ನಿಂತು ಒಬ್ಬನೇ ನಕ್ಕೆ. ಪಕ್ಕದ ಆಟೋದವನು ಮುದುಕನಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದ. ನಗು ಬಂದಷ್ಟೇ ಬೇಗ ಹೋಯಿತು, ಆ ಮಾತು ಬೇರೆ.

ನೀವು ಮೈಸೂರು, ಬೆಂಗಳೂರಿನ ಕಡೆಯವರಾದರೆ ಈ ನಗು ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮಲ್ಲಿ ತಿಂಡಿ ಎಂದರೆ ಇಡ್ಲಿ, ದೋಸೆ. ನಾವು ಬೆಳಗಿನದಕ್ಕೆ ನಾಷ್ಟಾ ಅನ್ನುವ ಜನ. ನಮ್ಮಲ್ಲಿ ತಿಂಡಿ ಎಂದರೆ ತುರಿಕೆ. ಸೊಳ್ಳೆ ಕಚ್ಚಿದರೆ ತಿಂಡಿ, ಹೊಲದಲ್ಲಿ ನಸುಗುನ್ನಿ ತಾಗಿದರಂತೂ ಕೇಳುವುದೇ ಬೇಡ. ನಾನು ಭಾಲ್ಕಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ, ಹಿಂದಿನ ಬೆಂಚಿನ ಪುಂಡರಿಗೆ "ಭಾಳ ತಿಂಡಿ ಆಗ್ಯಾದೇನಲೇ?" ಎಂದರೆ ಸಾಕು, ಬೆತ್ತ ಎತ್ತುವ ಕೆಲಸವೇ ಇರುತ್ತಿರಲಿಲ್ಲ. ಪಾಠದಲ್ಲಿ 'ಅಮ್ಮ ತಿಂಡಿ ಕೊಟ್ಟಳು' ಎಂಬ ಸಾಲು ಬಂದ ದಿನ ಇಡೀ ತರಗತಿ ಮೈ ಕೆರೆದುಕೊಂಡು ನಕ್ಕಿತ್ತು. ಕನ್ನಡ ಎಲ್ಲ ಕಡೆಗೂ ಒಂದೇ ಎಂದು ಪ್ರತಿ ರಾಜ್ಯೋತ್ಸವಕ್ಕೂ ಭಾಷಣ ಬಿಗಿಯುತ್ತಿದ್ದವನು ಮಾತ್ರ ನಾನೇ.

ಔರಾದ ತಾಲೂಕಿನ ಡಾಬಕಾದಲ್ಲಿ ನನ್ನ ಕಾಕು ಇದ್ದಾಳೆ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಅದು ಗಡಿಯ ಊರು, ಅವಳ ಮಾತಿನಲ್ಲಿ ಕನ್ನಡ ಎಷ್ಟೋ ಮರಾಠಿಯೂ ಅಷ್ಟೇ. ಕಾಕು ನಡೆಯುವ ಹೆಂಗಸು. ಆಷಾಢ ಬಂದರೆ ದಿಂಡಿ ಕಟ್ಟಿಕೊಂಡು ಹೊರಟ ಯಾತ್ರಿಕರ ಜೊತೆ ಭಜನೆ ಹೇಳುತ್ತ ಪಂಢರಪುರಕ್ಕೆ ನಡೆದೇ ಹೋಗುತ್ತಿದ್ದಳು. ಬಸ್ಸಿಗೆ ಹೋಗಬಾರದೇ ಎಂದರೆ, "ಕುಂತು ಬಂದವರಿಗಿ ವಿಠೋಬಾ ಗುರ್ತು ಹಿಡೀತಾನೇನು?" ಎಂದು ನಮ್ಮನ್ನೇ ಕೇಳುತ್ತಿದ್ದಳು. ನಾನು ಆ ದಾರಿಯಲ್ಲಿ ಒಮ್ಮೆ ಅರ್ಧ ದಿನ ನಡೆದು ಲಾರಿ ಹತ್ತಿದವನಾದ್ದರಿಂದ ವಾದಕ್ಕೆ ಇಳಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಹತ್ತಿರದ ಸರ್ಕಾರಿ ದವಾಖಾನೆಗೆ ಆಗ ತಾನೇ ಮೈಸೂರು ಕಡೆಯ ಡಾಕ್ಟರೊಬ್ಬರು ಬಂದಿದ್ದರು. ಎಳೆಯ ವಯಸ್ಸು, ಸಿಡುಕದ ಮನುಷ್ಯ. ಅವರು ಗುಳಿಗೆಯನ್ನು ಕೈಯಲ್ಲಿ ಹಿಡಿದು ತೋರಿಸಿ, "ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು. ಗೊತ್ತಾಯ್ತಾ ಅಮ್ಮಾ?" ಎಂದು ಕೇಳಿದರಂತೆ. ಕಾಕು ಗೊತ್ತಾಯಿತು ಎಂದಳಂತೆ.

ತಿಂಗಳುಗಳು ಕಳೆದರೂ ಸಕ್ಕರೆ ಇಳಿಯಲಿಲ್ಲ. ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯುವ ಲಕ್ಷಣ ಕಾಣಲಿಲ್ಲ. ರಜೆಗೆಂದು ಹೋಗಿದ್ದ ನನ್ನನ್ನು ಕಾಕು, "ನಿನಗ ಸಾಲಿ ಕನ್ನಡ ಬರ್ತದ, ನಡಿ" ಎಂದು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು.

"ಬೆರಳು ತೆಗದ್ರ ಪಂಢರಪುರಕ್ಕ ನಡೀಲಾಕ ಬರ್ತದೇನ್ರಿ?" ಕಾಕು ಕೇಳಿದ್ದು ಅದೊಂದೇ.

ಡಾಕ್ಟರು ಅವಳು ತಂದಿದ್ದ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿದರು. "ಇಷ್ಟೊಂದು ಮಾತ್ರೆ ಉಳಿದಿದೆಯಲ್ಲ? ತಿಂಡಿ ಆದ ಮೇಲೆ ತಗೋತಿಲ್ವಾ?"

"ತಗೋತೇನ್ರಿ ಸಾಹೇಬ್ರ. ತಿಂಡಿ ಆದಾಗ ಒಮ್ಮಿನೂ ತಪ್ಪಿಸಿಲ್ರಿ. ಆದರ ನನಗ ತಿಂಡಿ ಭಾಳ ಕಮ್ಮಿ. ವಾರಕ್ಕ ಒಮ್ಮಿ ಆದ್ರ ಆಯ್ತು."

ಡಾಕ್ಟರು ಗಾಬರಿಯಾದರು. "ವಾರಕ್ಕೊಮ್ಮೆನಾ? ಅದಕ್ಕೇ ಹೀಗಾಗಿರೋದು. ಸಕ್ಕರೆ ಕಾಯಿಲೆಯವರಿಗೆ ದಿನಾ ಬೆಳಿಗ್ಗೆ ತಿಂಡಿ ಆಗಲೇಬೇಕಮ್ಮ!"

ಕಾಕು ನನ್ನ ಕಡೆ ಬಾಗಿ, "ದಿನಾ ತಿಂಡಿ ಎಲ್ಲಿಂದ ತರ್ಲೋ ತಮ್ಮಾ? ನಸುಗುನ್ನಿ ಹಚ್ಕೋಬೇಕೇನು?" ಎಂದು ಪಿಸುಗುಟ್ಟಿದಳು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕು, ಇಬ್ಬರಿಗೂ ಬಿಡಿಸಿ ಹೇಳಿದೆ. ಕಾಕು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಡಾಕ್ಟರು ನಗಲಿಲ್ಲ. ಗುಳಿಗೆಗಳನ್ನೇ ನೋಡುತ್ತ, "ಬಂದಾಗಿನಿಂದ ಎಲ್ಲರಿಗೂ ಹೀಗೇ ಹೇಳಿದೀನಲ್ಲ ಸಾರ್" ಎಂದರು. ಆಗ ನನ್ನ ನಗುವೂ ನಿಂತಿತು.

ಗುಳಿಗೆ ಸರಿಹೋಯಿತು, ಬೆರಳು ಸರಿಹೋಗಲಿಲ್ಲ. ಬೀದರಿನ ದೊಡ್ಡ ದವಾಖಾನೆಯಲ್ಲಿ ಅದನ್ನು ತೆಗೆದರು. ಮೊದಲಿನಿಂದಲೇ ಗುಳಿಗೆ ಸರಿಯಾಗಿ ತೆಗೆದುಕೊಂಡಿದ್ದರೆ ಉಳಿಯುತ್ತಿತ್ತೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. ಹೇಳುವುದು ಕಷ್ಟ ಎಂದರು. ಆಮೇಲೆ ಪಟ್ಟಿ ಬದಲಿಸಲು ಹತ್ತಿರದ ದವಾಖಾನೆಗೆ ಹೋದಾಗ ಮೈಸೂರಿನ ಡಾಕ್ಟರು ಕಾಕುವಿನ ಮುಂದೆ ತಲೆ ತಗ್ಗಿಸಿ, "ತಪ್ಪು ನನ್ನದಮ್ಮ. ಆದ್ರೆ ಅರ್ಥ ಆಗ್ಲಿಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ವಾ?" ಎಂದರು.

"ತಿಳೀಲಿಲ್ಲ ಅಂತ ನನಗರೆ ಹ್ಯಾಂಗ ತಿಳೀಬೇಕ್ರಿ? ನೀವು ಕನ್ನಡದಾಗೇ ಹೇಳಿದ್ರಿ, ನಾ ಕನ್ನಡದಾಗೇ ಕೇಳ್ದೆ."

ಜೀವಮಾನವೆಲ್ಲ ಮಕ್ಕಳಿಗೆ "ತಿಳೀತೇನು?" ಎಂದು ಕೇಳಿ, ಅವರು ಕೂಗಿದ "ಹೌದ್ರೀ" ಕೇಳಿಸಿಕೊಂಡು ಪುಸ್ತಕ ಮುಚ್ಚಿದವನಿಗೆ ಆ ಮಾತು ನಾಟಿತು. ಡಾಕ್ಟರಿಗೆ ನನಗಿಂತ ಹೆಚ್ಚು ನಾಟಿರಬೇಕು. ಅಂದಿನಿಂದ ಅವರು ಗೊತ್ತಾಯ್ತಾ ಎಂದು ಕೇಳುವುದನ್ನೇ ಬಿಟ್ಟರು. "ಮನಿಗಿ ಹೋಗಿ ಸೊಸಿಗಿ ಏನಂತ ಹೇಳ್ತೀರಿ? ಮೊದಲು ನನಗ ಹೇಳ್ರಿ" ಎಂದು ನಮ್ಮ ಮಾತನ್ನು ಮೈಸೂರಿನ ರಾಗದಲ್ಲಿ ಆಡುತ್ತಿದ್ದರು. ಜನ ನಗುತ್ತಿದ್ದರು, ನಗುತ್ತಲೇ ಒಪ್ಪಿಸುತ್ತಿದ್ದರು. ಎಷ್ಟೋ ಗುಳಿಗೆಗಳು ಆ ಕುರ್ಚಿಯಲ್ಲೇ ಸರಿದಾರಿಗೆ ಬಂದವು. ಆಮೇಲೆ ಅವರಿಗೆ ವರ್ಗವಾಯಿತು.

ಕಾಕು ಈಗಲೂ ಪಂಢರಪುರಕ್ಕೆ ಹೋಗುತ್ತಾಳೆ, ಬಸ್ಸಿನಲ್ಲಿ. ದಾರಿಯಲ್ಲಿ ನಡೆಯುವ ದಿಂಡಿಗಳು ಕಂಡರೆ ಕಣ್ಣು ಮುಚ್ಚಿ ಕೂರುತ್ತಾಳೆ ಎಂದು ಅವಳ ಸೊಸೆ ಹೇಳಿದಾಗ ನನಗೆ ಬಹಳ ಸಂಕಟವಾಯಿತು.

ಮೊನ್ನೆ ನಾನು ಬೀದರಿಗೆ ಹೋಗಿದ್ದದ್ದು ನನ್ನ ಬಿ.ಪಿ. ತೋರಿಸಲು. ಡಾಕ್ಟರಮ್ಮ ಭಾಲ್ಕಿಯವರೇ, ಮಾತೆಲ್ಲ ನಮ್ಮದೇ ಮಾತು. "ಇದೊಂದು ಹೊಸ ಗುಳಿಗಿ ಕೊಟ್ಟೀನ್ರಿ ಮಾಸ್ತರ್, ದಿನಾ ಮುಂಜಾನಿ ತಗೋರಿ. ತಿಳೀತಲ್ರಿ?" ಎಂದರು. ತಿಳೀತ್ರಿ ಎಂದು ಎದ್ದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಕುಳಿತೆ. ಹೊರಗೆ ಪಾಳಿ ಹಚ್ಚಿದವರು ಗೊಣಗಿದರು.

"ನನಗ ಏನು ತಿಳೀತು ಅಂತ ಹೇಳ್ತೇನ್ರಿ, ಒಮ್ಮಿ ಕೇಳ್ರಿ" ಎಂದೆ. "ಹಳೀ ಗುಳಿಗಿ ಹ್ಯಾಂಗಿದ್ದಾವ ಹಾಂಗೇ. ಅವುಗಳ ಜೋಡಿ ಮುಂಜಾನಿ ಇದೊಂದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಲ್ರಿ ಮಾಸ್ತರ್. ಹಳೀವು ಬಂದ್."