ಅಕ್ಕನ ಎದುರಿನ ಕುರ್ಚಿ

ನನ್ನ ಜೆರಾಕ್ಸ್ ಅಂಗಡಿಯ ಅರ್ಧ ಜಾಗ ರಸೀದಿ ಅಕ್ಕನದು. ಒಂದು ಮೇಜು, ಎದುರಿಗೊಂದು ಮರದ ಕುರ್ಚಿ. ಊರಿನವರ ಟ್ಯಾಕ್ಸ್ ಫಾರಂ ತುಂಬಿಕೊಡುವುದು ಅವರ ಕಸುಬು. ಆ ಕುರ್ಚಿಯಲ್ಲಿ ನಾನೀಗ ಕೂರುವುದಿಲ್ಲ, ಒರೆಸಲೂ ಕೈ ಚಾಚುವುದಿಲ್ಲ. ಪುಕ್ಕಲ ಅನ್ನಿ, ಪರವಾಗಿಲ್ಲ.

ಸಾಲ ಮಾಡಿ ಮಕ್ಕಳನ್ನು ಓದಿಸುವವರಿಗೆಲ್ಲ ಅಕ್ಕನದು ಒಂದೇ ಪಾಠ. "ಸಾಲದ ದುಡ್ಡಾದ್ರೂ ಫೀಸು ಕಟ್ಟಿದ್ದು ನೀವೇ ಕಣ್ರೀ. ಕಟ್ಟಿದ ವರ್ಷವೇ ಟ್ಯಾಕ್ಸಲ್ಲಿ ವಿನಾಯಿತಿ ಕೇಳಿ, ಸಾಲ ತೀರ್ಲಿ ಅಂತ ಕಾಯ್ಬೇಡಿ. ಬಡ್ಡಿಗೆ ಬೇರೆ ಕಾಲಂ ಇದೆ." ಆದರೆ ಓದುವ ಮಗನೋ ಮಗಳೋ ಖುದ್ದಾಗಿ ಬಂದು ಆ ಕುರ್ಚಿಯಲ್ಲಿ ಕೂರಬೇಕು. "ಓದ್ತಾ ಇದ್ದೀಯಾ?" ಎಂದು ಅಕ್ಕ ಕೇಳಬೇಕು. ಹೌದು ಅಂದ ಮೇಲೆ ರಸೀದಿಯ ಕೆಳಗೆ ಅಕ್ಕನ ಹಸಿರು ಪೆನ್ನಿನಲ್ಲಿ ಓದುವವರ ಸಹಿ. "ಕಾಗದ ಸುಳ್ಳು ಹೇಳುತ್ತೆ, ಎದುರಿಗೆ ಕೂತವ್ರು ಹೇಳಲ್ಲ" ಎನ್ನುತ್ತಿದ್ದರು.

ಅವರ ಒಬ್ಬನೇ ಮಗನೂ ಸಾಲದಲ್ಲೇ ಓದುತ್ತಿದ್ದ. ಎರಡನೇ ವರ್ಷದ ಫೀಸು ಕಟ್ಟಿದ ವಾರಕ್ಕೇ, ಆ ರಸೀದಿಗೆ ಸಹಿ ಹಾಕುವ ಮೊದಲೇ, ಹಾಸ್ಟೆಲಿನಲ್ಲಿ ಜ್ವರ ಬಂದು ಹೋಗಿಬಿಟ್ಟ. ಅಕ್ಕ ಸಾಲ ತೀರಿಸುತ್ತಲೇ ಇದ್ದರು. ಬಡ್ಡಿಯ ವಿನಾಯಿತಿ ನ್ಯಾಯವಾಗಿಯೇ ಸಿಗುತ್ತಿತ್ತು. ಜೊತೆಗೆ ಪ್ರತಿ ವರ್ಷ ಅದೇ ಹಳೆಯ ರಸೀದಿಯ ನಕಲು ಲಗತ್ತಿಸಿ ಫೀಸಿನ ಕಾಲಂ ಕೂಡ ತುಂಬುತ್ತಿದ್ದರು. ಹೇಳುವುದು ಶಾಸ್ತ್ರ, ಹಾಕುವುದು ಗಾಳ! ನನಗೆ ರೇಗಿತು.

"ಅಕ್ಕಾ, ಸಿಕ್ಕಿಹಾಕ್ಕೊಂಡ್ರೆ ಏನ್ ಗತಿ?"

"ಫೀಸಿನ ಕಾಲಂ ಖಾಲಿ ಬಿಟ್ರೆ, ಮಗ ಓದ್ತಿಲ್ಲ ಅಂತ ನಾನೇ ಬರ್ಕೊಟ್ಟ ಹಾಗಲ್ವೇನೋ? ನನ್ನ ಕೈಲಾಗಲ್ಲ."

ಈ ವರ್ಷ ನೋಟಿಸು ಬಂತು. ವಿದ್ಯಾರ್ಥಿಯ ಸಹಿ ಇರುವ ರಸೀದಿಯನ್ನು ಒಂದು ವಾರದಲ್ಲಿ ಕೊಡಬೇಕು, ಇಲ್ಲವೇ ಫೀಸಿನ ವಿನಾಯಿತಿ ಬಿಟ್ಟುಕೊಡಬೇಕು. ಕೊನೆಯ ದಿನ ಮಧ್ಯಾಹ್ನ ಅಕ್ಕ ಸಹಿಯಿಲ್ಲದ ಆ ರಸೀದಿಯನ್ನೇ ನನ್ನ ಕೈಗಿತ್ತರು. "ಒಂದು ಕಾಪಿ ಹಾಕು."

ಗುಂಡಿ ಒತ್ತಿದೆ. ಹೊರಬಂದ ಹಾಳೆಯ ಕೆಳಗೆ ಸಹಿ ಇತ್ತು. ಹಸಿರು ಶಾಯಿ, ಇನ್ನೂ ಆರಿರಲಿಲ್ಲ. ನನ್ನ ಹೆಬ್ಬೆರಳಿಗೆ ಮೆತ್ತಿಕೊಂಡಿತು. ನನ್ನ ಮೆಷಿನ್ನಿಗೆ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಗೊತ್ತಿಲ್ಲ. ಗಾಜಿನ ಮೇಲಿದ್ದ ಮೂಲ ರಸೀದಿ ಎತ್ತಿ ನೋಡಿದೆ, ಅಲ್ಲಿ ಖಾಲಿ. ಎರಡನ್ನೂ ಅಕ್ಕನ ಮುಂದೆ ಇಟ್ಟೆ.

"ಅವನದೇ" ಅಂದರು ಅಕ್ಕ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಆ ಹಾಳೆಯನ್ನು ಲಕೋಟೆಗೆ ಹಾಕಿದ್ದರೆ ಮುಗಿಯುತ್ತಿತ್ತು, ಕಾಗದದ ಮೇಲೆ ಮಗ ಇನ್ನೊಂದು ವರ್ಷ ಓದುತ್ತಿದ್ದ. ಲಕೋಟೆಯ ಬಾಯಿ ಬಿಡಿಸಿದ ಅಕ್ಕ ಹಾಗೇ ನಿಂತರು. ಎದುರಿನ ಕುರ್ಚಿ ಮೇಜಿನಿಂದ ಒಂದು ಗೇಣು ಹಿಂದೆ ಸರಿದಿತ್ತು, ಯಾರೋ ಕೂರಲು ಎಳೆದುಕೊಂಡ ಹಾಗೆ. ಅಕ್ಕ ಎಲ್ಲರನ್ನೂ ಕೇಳುವಂತೆಯೇ ಕೇಳಿದರು.

"ಓದ್ತಾ ಇದ್ದೀಯಾ, ಮಗಾ?"

ನನಗೇನೂ ಕೇಳಿಸಲಿಲ್ಲ. ಅಕ್ಕ ಮಾತ್ರ ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಹಸಿರು ಪೆನ್ನು ತೆಗೆದು ಫಾರಂನಲ್ಲಿ ಫೀಸಿನ ಕಾಲಂ ಮೇಲೆ ಅಡ್ಡಗೆರೆ ಎಳೆದರು. ಬಡ್ಡಿಯದನ್ನು ಹಾಗೇ ಬಿಟ್ಟರು.

"ಇಲ್ಲಮ್ಮ ಅಂದ" ಎಂದರು. "ಎದುರಿಗೆ ಕೂತವ್ರು ಸುಳ್ಳು ಹೇಳಲ್ಲ ಕಣೋ."

ಅವರು ಫಾರಂ ಹಿಡಿದು ಹೊರಟ ಮೇಲೆ ಕುರ್ಚಿಯನ್ನು ಒಳಗೆ ತಳ್ಳಲು ಹೋದೆ. ಬೆಳಗಿನಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಹಲಗೆ ಜ್ವರ ಬಂದ ಮೈಯಂತೆ ಸುಡುತ್ತಿತ್ತು.