ಬೀಸುಕಲ್ಲಿನ ಮುಂದೆ ಕನ್ನಡ ಕಲಿತ ಮುತ್ಯಾ

ಶರಣು, ಪಲ್ಲವಿ,

ಇವತ್ತು ಬೆಳಿಗ್ಗೆ ತೊಗರಿಬೇಳೆಯ ಡಬ್ಬಿಗೆ ಕೈ ಹಾಕಿದರೆ ಬೇಳೆಯ ನಡುವೆ ಶರಣುವಿನ ಕಂಪಾಸ್ ಪೆಟ್ಟಿಗೆ ಸಿಕ್ಕಿತು. ಎರಡು ದಿನ ಮನೆಯವರೆಲ್ಲ ಮಂಚದ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ನನ್ನ ದಿಂಬಿನ ಕೆಳಗೂ ಹುಡುಕಿದ ಪೆಟ್ಟಿಗೆ ಅದು. ಮೊನ್ನೆ ನಾನು ಒಂದು ಬಟ್ಟಲು ಬೇಳೆ ತೆಗೆದುಕೊಡು ಎಂದಾಗ ಶರಣು ಲೆಕ್ಕ ಬಿಟ್ಟು ಎದ್ದು ಬಂದಿದ್ದ. ಬೇಳೆ ಕೊಟ್ಟ, ಪೆಟ್ಟಿಗೆಯನ್ನು ಡಬ್ಬಿಯಲ್ಲಿ ಬಿಟ್ಟ, ಮುಚ್ಚಳವನ್ನು ಮಾತ್ರ ಬಹಳ ಜೋಪಾನವಾಗಿ ಮುಚ್ಚಿದ. ನಾನೊಬ್ಬಳೇ ನಿಂತು ನಕ್ಕೆ. ನಗು ಮುಗಿದ ಮೇಲೆ ಹೋದ ವಾರದ ಪ್ರಶ್ನೆ ನೆನಪಾಯಿತು.

ಹೋದ ವಾರ ನಿಮ್ಮ ಅವ್ವ ಶರಣುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಳು. ಡಾಕ್ಟರು ಅವನ ಗಮನ ನಿಲ್ಲದ ಸ್ವಭಾವಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರು ಹೇಳಿ ಕಳಿಸಿದ್ದರು. ಎಡಿಎಚ್‌ಡಿ ಅಂತೆ. ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು, "ಇದು ಯಾರ ಕಡಿಂದ ಬಂತು?" ನಿಮ್ಮ ಅವ್ವ ತಲೆ ತಗ್ಗಿಸಿದಳು. ನಿಮ್ಮ ಅಪ್ಪ ಫ್ಯಾನು ನೋಡಿದ. ನಾನು ಎದ್ದು ಅಕ್ಕಿ ಆರಿಸಲು ಅಡುಗೆಮನೆಗೆ ಹೋದೆ. ನಾಲ್ಕು ಜನ ಕೂತಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಅಲ್ಲಿಗೆ ಶರಣು ಬಂದು ನನ್ನ ಸೆರಗು ಹಿಡಿದು ಕೇಳಿದ, "ಆಯಿ, ನನ್ನ ತಲಿ ಕೆಟ್ಟಾದೇನ?"

ನಾನು ಅವನ ಕೈಯಲ್ಲಿ ಒಂದು ಬೆಲ್ಲದ ಚೂರು ಇಟ್ಟೆ. ಉತ್ತರ ಇಲ್ಲದಾಗ ಮುದುಕಿಯರು ಬೆಲ್ಲ ಕೊಡುತ್ತಾರೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಬಾಯಿಗಿಂತ ನನಗೆ ಕೈ ವಾಸಿ.

ಗೋಡೆಯ ಮೇಲಿರುವ ನಿಮ್ಮ ಮುತ್ಯಾನ, ನನ್ನ ಯಜಮಾನರ, ಫೋಟೋ ನೋಡಿ. ಎಷ್ಟು ಶಾಂತವಾಗಿ ಕೂತಿದ್ದಾರೆ! ಅವರು ಒಂದೇ ಕಡೆ ಕೂತದ್ದು ಅಲ್ಲಿ ಮಾತ್ರ. ಅದಕ್ಕೂ ಫೋಟೋ ತೆಗೆಯುವವನು ಮೂರು ಸಲ ಕೆಡಿಸಿಕೊಂಡು ನಾಲ್ಕನೆಯದಕ್ಕೆ, "ಸಾಹೇಬ್ರ, ಉಸಿರು ಬಿಡಬ್ಯಾಡ್ರಿ" ಎಂದು ಗದರಿಸಬೇಕಾಯಿತು. ಆ ಕಣ್ಣಿನಲ್ಲಿ ನೀವು ಕಾಣುವ ಗಾಂಭೀರ್ಯ ಉಸಿರು ಕಟ್ಟಿದ್ದರಿಂದ ಬಂದದ್ದು.

ನಾನು ಮದುವೆಯಾಗಿ ಔರಾದಿಗೆ ಬಂದಾಗ ಅವರು ಅಲ್ಲಿಯ ತಹಸಿಲ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ಮೂವರು: ಅವರು, ನಾನು, ಅವರ ತಾಯಿ. ನಾನು ಬಂದ ಮೊದಲ ದಿನವೇ ಅತ್ತೆ ನನಗೆ ಹೇಳಿದರು, "ನೋಡವ್ವ, ಅವನ ಕೈಯಾಗ ಏನೂ ಕೊಡಬ್ಯಾಡ. ಕೊಟ್ಟದ್ದು ಹೋಗ್ತದ, ಹೋದದ್ದು ಬರಂಗಿಲ್ಲ." ಅತ್ತೆಗೆ ಮಗನ ಮೇಲೆ ಪ್ರಾಣ. ನಂಬಿಕೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಅವರನ್ನು ಉಪ್ಪು ತರಲು ಕಳಿಸಿದರೆ ಉಪ್ಪಿನ ಬದಲು ಊಟಕ್ಕೆ ಒಬ್ಬ ಅತಿಥಿಯನ್ನು ಕರೆತರುತ್ತಿದ್ದರು. ಅತಿಥಿಗೆ ಉಪ್ಪಿಲ್ಲದ ಸಾರು. ಕೊಡೆಗಳನ್ನು ಮರೆತು ಮರೆತು ಊರೂರಿಗೆ ಹಂಚಿ ಬಂದಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತವರು ಕಣ್ಣು ಮುಚ್ಚಿಕೊಂಡೇ, "ಎಮ್ಮಿ ಹಗ್ಗ ಹರಕೊಂಡಾದ ನೋಡು" ಎನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಎಮ್ಮೆ ಹಗ್ಗ ಹರಿದುಕೊಂಡಿರುತ್ತಿತ್ತು! ಹಿತ್ತಲಿನ ಗೋಡೆಯನ್ನು ಮೊಳಕಾಲೆತ್ತರ ಕಟ್ಟಿ, ಅಷ್ಟರಲ್ಲಿ ನೆರೆಮನೆಯವರ ಬಾವಿಯ ರಾಟೆ ಕೆಟ್ಟಿತೆಂದು ಹೋದವರು ಆ ಗೋಡೆಯನ್ನು ಮರೆತೇಬಿಟ್ಟರು. ಹನ್ನೊಂದು ವರ್ಷ ನಾವು ಅದನ್ನು ಕೂಡುವ ಕಟ್ಟೆ ಎಂದು ಕರೆದೆವು.

ಆದರೆ ಕಚೇರಿಯ ಜಗಲಿಯಲ್ಲಿ ಅವರನ್ನು ನೋಡಬೇಕಿತ್ತು ನೀವು. ನಾನು ನೋಡಿದವಳಲ್ಲ, ಕೇಳಿದವಳು. ಔರಾದಿಗೆ ನಾಲ್ಕೂ ಕಡೆಯ ಜನ ಬರುತ್ತಿದ್ದರು. ಒಬ್ಬ ಮರಾಠಿಯಲ್ಲಿ ಅಳುತ್ತಿದ್ದ, ಒಬ್ಬ ತೆಲುಗಿನಲ್ಲಿ ಜಗಳಾಡುತ್ತಿದ್ದ, ಒಬ್ಬರು ಉರ್ದುವಿನಲ್ಲಿ ಅರ್ಜಿ ಹೇಳುತ್ತಿದ್ದರು, ನಮ್ಮವನೊಬ್ಬ ಕನ್ನಡದಲ್ಲಿ ಬೈಯುತ್ತಿದ್ದ. ಇವರು ನಡುವೆ ನಿಂತು ನಾಲ್ವರಿಗೂ ಅವರವರ ಮಾತಿನಲ್ಲಿ ಉತ್ತರ ಕೊಡುತ್ತಿದ್ದರಂತೆ. ಒಬ್ಬನಿಗೆ ಹೇಳಬೇಕಾದದ್ದನ್ನು ಇನ್ನೊಬ್ಬನಿಗೆ ಹೇಳಿದವರಲ್ಲ. ಮೇಲಿನ ಅಧಿಕಾರಿ ಅವರ ಮೇಜಿನ ಗೊಂದಲ ನೋಡಿ ಬೈಯುವುದು, ಜಗಲಿಯಲ್ಲಿ ಗಲಾಟೆಯಾದಾಗ ಅವರನ್ನೇ ಕರೆಯುವುದು, ಎರಡೂ ನಡೆದಿತ್ತು.

ಆಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ದಫ್ತರವೆಲ್ಲ ಅದುವರೆಗೆ ಉರ್ದುವಿನಲ್ಲಿತ್ತು. ಇನ್ನು ಕನ್ನಡದಲ್ಲಿ ಬರೆಯಬೇಕು ಎಂದಾಯಿತು. ನಿಮ್ಮ ಮುತ್ಯಾನ ಬಾಯಲ್ಲಿ ಕನ್ನಡ, ಬೆರಳಲ್ಲಿ ಉರ್ದು. ಶಾಲೆಯಲ್ಲಿ ಅವರು ಕಲಿತದ್ದು ಅದೊಂದೇ ಲಿಪಿ. ಗುಮಾಸ್ತರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕು, ಎರಡು ಸಲ ಕೂಡಬಹುದು, ಆಮೇಲೆ ನೌಕರಿ ಉಳಿಯುವುದು ದೇವರ ಕೈಯಲ್ಲಿ ಎಂದು ಕಚೇರಿಯಲ್ಲಿ ಮಾತು ಹಬ್ಬಿತು.

ಅವರು ಒಂದು ಬಾಲಬೋಧೆ ತಂದರು. ಅದನ್ನು ಕಳೆದು ಇನ್ನೊಂದು ತಂದರು. ಪಡಸಾಲೆಯಲ್ಲಿ ಕೂತು ಎರಡು ಅಕ್ಷರ ಓದುವುದು, ಎದ್ದು ನೀರು ಕುಡಿಯುವುದು, ಬಂದು ಯಾವ ಪುಟ ಎಂದು ಹುಡುಕುವುದು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿ ಕೇಳಿ ಸಾಕಾಗಿ ಒಂದು ದಿನ, "ಅದು 'ಥ' ಅಲ್ರಿ, 'ಧ'" ಎಂದುಬಿಟ್ಟೆ.

ಅವರು ಪುಸ್ತಕ ಕೆಳಗಿಟ್ಟರು. "ನಿನಗ ಓದಲಿಕ್ಕ ಬರ್ತದ?"

ಮದುವೆಯಾಗಿ ಎರಡು ವರ್ಷವಾಗಿತ್ತು. ಕಮಠಾಣದಲ್ಲಿ ಮಠದ ಅಂಗಳದಲ್ಲಿ ಅಯ್ಯನವರು ನಡೆಸುತ್ತಿದ್ದ ಶಾಲೆಗೆ ನಾಲ್ಕು ವರ್ಷ ಹೋದವಳು ನಾನು. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. "ಬರ್ತದ್ರಿ" ಎಂದು ಹೇಳಿ ಒಳಗೆ ಓಡಿದೆ.

ನಾನು ಕಲಿಸಲು ತೊಡಗಿದೆ, ಆದರೂ ಮೊದಲ ಪರೀಕ್ಷೆ ಕೈತಪ್ಪಿತು. ಅದು ನಡೆದದ್ದು ಭಾಲ್ಕಿಯಲ್ಲಿ. ಸಂಜೆ ಮರಳಿ ಬಂದಾಗ ಅವರ ಅಂಗಿಯ ಜೇಬಿನಲ್ಲಿ ತೊಗರಿ ಕಾಳಿತ್ತು. ಶಾಲೆಯ ಕಿಟಕಿಯಿಂದ ಪೇಟೆಗೆ ಹೋಗುವ ಬಂಡಿ ಕಂಡಿತಂತೆ, ಚೀಲ ಹರಿದು ತೊಗರಿ ದಾರಿಯುದ್ದಕ್ಕೂ ಸುರಿಯುತ್ತಿತ್ತಂತೆ, ಬಂಡಿಯವನಿಗೆ ಗೊತ್ತೇ ಇಲ್ಲವಂತೆ. ಇವರು ಅರ್ಧ ಬರೆದ ಕಾಗದ ಬಿಟ್ಟು ಓಡಿದ್ದರು. ಚೀಲ ಹೊಲಿದು ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

"ಊರ ತೊಗರಿ ಉಳಿಸಿ ಮನಿ ರೊಟ್ಟಿ ಕಳದಿ!" ಎಂದು ಅತ್ತೆ ಹಣೆ ಬಡಿದುಕೊಂಡರು. ನಾನೂ ಸಿಟ್ಟಿನಲ್ಲಿದ್ದೆ. "ನಿಮಗ ಲಕ್ಷ್ಯನೇ ಇಲ್ರಿ" ಎಂದೆ.

ಅವರು ಆ ಮೊಳಕಾಲೆತ್ತರದ ಗೋಡೆಯ ಮೇಲೆ ಕೂತಿದ್ದರು. "ಲಕ್ಷ್ಯ ಇಲ್ಲಂತೇನ? ಎಲ್ಲಾ ಕಡಿ ಅದ. ಒಂದ ಕಡಿ ನಿಲ್ಲು ಅಂತೀನಿ, ನಿಲ್ಲಂಗಿಲ್ಲ. ನಾ ಬೇಕಂತ ಮಾಡ್ತೇನೇನ?" ಅಷ್ಟು ಹೇಳಿ ಮುಖ ಆಚೆ ತಿರುಗಿಸಿದರು. ನಾನಾಡಿದ ಮಾತನ್ನು ಹಿಂದಕ್ಕೆ ಪಡೆಯುವ ದಾರಿ ಇದ್ದರೆ ಇವತ್ತೂ ಪಡೆಯುತ್ತೇನೆ.

ಮರುದಿನ ನಸುಕಿನಲ್ಲಿ ನಾನು ಜೋಳ ಬೀಸುತ್ತಿದ್ದೆ. ನಿದ್ದೆ ಬಾರದೆ ಅವರು ಬಂದು ಎದುರಿಗೆ ಕೂತು ಬೀಸುಕಲ್ಲಿನ ಗೂಟ ಹಿಡಿದರು. ಬೇಡವೆನ್ನಲು ನನಗೆ ನಾಚಿಕೆ, ಇರಲೆನ್ನಲೂ ನಾಚಿಕೆ. ಸುಮ್ಮನಿರಲಾರದೆ ಪಾಠದ ಒಂದು ಪದ ಹೇಳಿದೆ, ಅವರು ತಿರುಗಿ ಹೇಳಿದರು. ಹಿಟ್ಟಿನ ಮೇಲೆ ಬೆರಳಿನಿಂದ ಅದನ್ನು ಬರೆದೆ. ಅವರೂ ಬರೆದರು. ಕಲ್ಲು ತಿರುಗುತ್ತಿರುವವರೆಗೆ ಅವರು ಏಳಲಿಲ್ಲ. ನೀರು ಬೇಡಲಿಲ್ಲ, ಎಮ್ಮೆ ನೆನಪಾಗಲಿಲ್ಲ. ಒಂದು ಸೇರು ಜೋಳ ಮುಗಿಯುವಷ್ಟರಲ್ಲಿ ಒಂದು ಪಾಠ ಮುಗಿದಿತ್ತು. ಕೈಗೆ ಕೆಲಸ ಸಿಕ್ಕರೆ ಈ ಮನುಷ್ಯನ ಮನಸ್ಸು ಕೂಡುತ್ತದೆ ಎಂದು ನನಗೆ ಆಗ ತಿಳಿಯಿತು.

ಅತ್ತೆ ಎದ್ದು ಬಂದು ನೋಡಿ ಬಾಗಿಲು ಹಾಕಿದರು. "ಗಂಡಸು ಬೀಸಲತ್ತಾನ! ಮಂದಿ ನೋಡಿದ್ರ ನಾ ಬಾವಿಗಿ ಹ್ಯಾಂಗ ಹೋಗ್ಲಿ?"

ಮಂದಿ ನೋಡದೇ ಇರುತ್ತಾರೆಯೇ? ದಿನಕ್ಕೆ ಮೂರು ಪಾಠವಾದರೆ ಮೂರು ಸೇರು ಹಿಟ್ಟಾಗಬೇಕು. ಮೂವರ ಮನೆಗೆ ಅಷ್ಟು ಹಿಟ್ಟು ಎಲ್ಲಿಗೆ? ಪಕ್ಕದ ಮನೆಯ ಬೀಬಿ ತಮ್ಮ ಕಡೆಯ ಎತ್ತರದ ಗೋಡೆಯ ಮೇಲಿಂದ ಇಣುಕಿ, ವಿಷಯ ತಿಳಿದು, ಒಂದು ಬುಟ್ಟಿ ಜೋಳ ಇಳಿಸಿದರು. "ಭಾಭೀ, ನಮ್ಮ ಜೋಳಕ್ಕೂ ಸ್ವಲ್ಪ ಕನ್ನಡ ಕಲಿಸ್ರಿ." ಅವರ ಹಿಂದೆ ಓಣಿಯ ಬುಟ್ಟಿಗಳೆಲ್ಲ ಬಂದವು. ಆ ವರ್ಷ ನಮ್ಮ ಓಣಿಯವರು ತಿಂದ ರೊಟ್ಟಿಯಲ್ಲಿ ಒತ್ತಕ್ಷರ ಇಲ್ಲದ ತುತ್ತಿರಲಿಲ್ಲ. ಬಾವಿಗೆ ಹ್ಯಾಂಗ ಹೋಗಲಿ ಎಂದಿದ್ದ ಅತ್ತೆ ಈಗ ಬಾಗಿಲಲ್ಲಿ ನಿಂತು, "ನಾಳಿ ಬಾರವ್ವ, ಇವತ್ತಿನ ಪಾಠ ತುಂಬ್ಯಾದ" ಎಂದು ಬುಟ್ಟಿ ಹಿಂದೆ ಕಳಿಸುತ್ತಿದ್ದರು.

ಎರಡನೆಯ ಪರೀಕ್ಷೆ ಬೀದರಿನಲ್ಲಿ. ಇದು ಹೋದರೆ ನೌಕರಿ ಹೋಯಿತು. "ನೀನೂ ಹೋಗು, ಅವ ನಡಬರಕ ಎಲ್ಲೆರೆ ಇಳದಾನು" ಎಂದರು ಅತ್ತೆ. ನಾನು ಗಂಡನ ಜೊತೆ ಬಸ್ಸಿನಲ್ಲಿ ಕೂತದ್ದು ಅದೇ ಮೊದಲು. ನಡುವೆ ಎರಡು ಸಲ ಅವರು ಇಳಿಯಲು ಎದ್ದರು. ನಾನು ಅಂಗಿಯ ತುದಿ ಬಿಡಲಿಲ್ಲ.

ಪರೀಕ್ಷೆಯ ಶಾಲೆಯ ಮುಂದೆ ಒಂದು ಬೇವಿನ ಮರ. ರೊಟ್ಟಿಯ ಗಂಟು ಇಟ್ಟುಕೊಂಡು, ಹಣೆಯವರೆಗೆ ಸೆರಗು ಎಳೆದು ಅದರ ಕೆಳಗೆ ಕೂತೆ. ಸುತ್ತ ಎಲ್ಲ ಗಂಡಸರು. ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಆ ನೆಲದ ಮೇಲೆ ಪರಿಚಯದ ಎರಡು ಚಪ್ಪಲಿ ಕಂಡವು.

"ಯಾಕ ಬಂದ್ರಿ?" ಎಂದೆ.

"ಒಳಗ ಗಡಿಯಾರ ನಿಂತಾದ. ಚಾವಿ ಕೊಡಬೇಕಲ್ಲ, ಜವಾನನ್ನ ಹುಡುಕಲತ್ತೀನಿ. ಎರಡ ನಿಮಿಷ."

ಅವರ ಎರಡು ನಿಮಿಷ ಎಷ್ಟು ಉದ್ದವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಎದ್ದು ನಿಂತೆ. ಸೆರಗು ಜಾರಿತು.

"ಗಡಿಯಾರ ನಿಂದರ್ಲಿ! ಲೋಕ ನಿಂದರ್ಲಿ! ನೀವು ಒಳಗ ಹೋಗ್ರಿ!"

ಅದು ನನ್ನ ದನಿ ಎಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬೀಡಿ ಸೇದುತ್ತಿದ್ದವರು ತಿರುಗಿ ನೋಡಿದರು. ಶಾಲೆಯ ಬಾಗಿಲಿಗೆ ಮೇಲ್ವಿಚಾರಕರು ಬಂದರು, ಮೈಸೂರು ಕಡೆಯಿಂದ ವರ್ಗವಾಗಿ ಬಂದ ವಯಸ್ಸಾದ ಮಾಸ್ತರು. "ಏನಮ್ಮ ಅದು ಗಲಾಟೆ?"

ನನ್ನ ಧೈರ್ಯ ಅಲ್ಲಿಗೆ ಖರ್ಚಾಗಿತ್ತು. ಉತ್ತರ ಕೊಟ್ಟದ್ದು ನಿಮ್ಮ ಮುತ್ಯಾ. "ಸಾಹೇಬ್ರ, ನನಗ ಬರ್ತದ್ರಿ. ಖರೇನ ಬರ್ತದ. ಬರೇ ಕೂಡಲಿಕ್ಕ ಬರಂಗಿಲ್ಲ. ನಿಂತು ಬರೀಲೇನ್ರಿ?"

ಮಾಸ್ತರು ಅವರನ್ನೂ ನೋಡಿದರು, ಸೆರಗು ಸರಿಪಡಿಸಿಕೊಳ್ಳುತ್ತಿದ್ದ ನನ್ನನ್ನೂ ನೋಡಿದರು. "ಕೂತೇ ಬರೀಬೇಕು ಅಂತ ನನಗೆ ಬಂದಿರೋ ಕಾಗದದಲ್ಲಿ ಎಲ್ಲೂ ಇಲ್ಲಪ್ಪ. ಬಾ, ಬರಿ."

ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಮ್ಮ ಮುತ್ಯಾ ನಿಂತು ಬರೆದರು. ಮರದ ಕೆಳಗಿನಿಂದ ನನಗೆ ಕಾಣುತ್ತಿತ್ತು. ಬಲಗೈ ಬರೆಯುತ್ತಿತ್ತು. ಎಡಗೈ ಮುಷ್ಟಿ ಕಟ್ಟಿ ಆ ಕಲ್ಲುಕಟ್ಟೆಯ ಮೇಲೆ ಸುತ್ತ ಸುತ್ತ ತಿರುಗುತ್ತಿತ್ತು, ಬೀಸುವವರ ಕೈಯಂತೆ, ನಿಧಾನವಾಗಿ, ನಿಲ್ಲದೆ. ನನ್ನ ಕೈಯೂ ಮಡಿಲಲ್ಲಿ ತಿರುಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಗಂಟೆ ಬಾರಿಸುವವರೆಗೂ ಅವರು ಹೊರಗೆ ನೋಡಲಿಲ್ಲ.

ಪಾಸಾದರು. ಬಹಳ ಅಂಕವೇನೂ ಇಲ್ಲ, ಬಿಡಿ. ಫಲಿತಾಂಶ ಬಂದ ದಿನ ಬಸ್ ನಿಲ್ದಾಣದಿಂದ ಮನೆಯವರೆಗೆ ಸಿಕ್ಕವರಿಗೆಲ್ಲ ಹೇಳಿ, ಕಂಡವರ ಮನೆಯಲ್ಲಿ ಚಹ ಕುಡಿದು, ನಮ್ಮ ಮನೆಗೆ ಬಂದು ಕೈಕಾಲು ತೊಳೆದು ಎಮ್ಮೆಗೆ ಮೇವು ಹಾಕಲು ಹೋದರು. ನಮಗೆ ಸುದ್ದಿ ಹೇಳಿದ್ದು ಸಂಜೆ ಗೋಡೆಯ ಮೇಲಿಂದ ಬೀಬಿ. ಅತ್ತೆ ನಗಬೇಕೋ ಅಳಬೇಕೋ ತಿಳಿಯದೆ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಇಷ್ಟು ಬರೆದು ನಾನು ಪೆನ್ನು ಕೆಳಗಿಟ್ಟು ಮಧ್ಯಾಹ್ನದ ಊಟಕ್ಕೆ ಹೋದೆ. ಊಟದ ನಡುವೆ, ಎಲ್ಲರೂ ಕೂತಿರುವಾಗಲೇ, ಹೇಳಿದೆ: "ಶರಣುಂದು ನಮ್ಮ ಕಡಿಂದ ಬಂದಾದ. ಅವನ ಮುತ್ಯಾಂದು ಅದು." ಬಡಿಸುತ್ತಿದ್ದ ನಿಮ್ಮ ಅವ್ವ ಸವಟು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತುಬಿಟ್ಟಳು. ನಿಮ್ಮ ಅಪ್ಪ ಫ್ಯಾನು ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ. ನೀವಿಬ್ಬರೂ ಶಾಲೆಯಲ್ಲಿದ್ದಿರಿ, ಆದ್ದರಿಂದ ಬರೆದು ತಿಳಿಸುತ್ತಿದ್ದೇನೆ.

ಶರಣು, ನಿನ್ನ ತಲೆ ಕೆಟ್ಟಿಲ್ಲ. ಡಾಕ್ಟರು ಹೇಳಿದ್ದನ್ನು ಮಾಡು, ಅವರು ಓದಿದವರು. ಮುತ್ಯಾನಿಗೆ ಅಂಥವರು ಯಾರೂ ಸಿಗಲಿಲ್ಲ, ಒಂದು ಬೀಸುಕಲ್ಲು ಮತ್ತು ನಾಚಿಕೆಯ ಹೆಂಡತಿ ಸಿಕ್ಕರು. ನಿನಗೆ ನಿಂತು ಓದಬೇಕೆನಿಸಿದರೆ ನಿಂತು ಓದು. ನಿನ್ನ ಮಾಸ್ತರಿಗೆ ಬೇಕಾದರೆ ನಾನೇ ಬಂದು ಹೇಳುತ್ತೇನೆ. ಕಾಲು ನೋವಿದೆ, ಆದರೂ ಬರುತ್ತೇನೆ.

ಪಲ್ಲವಿ, ನೀನು ಸಿಟ್ಟಾಗಬೇಡ. ನಿನ್ನ ಕಪಾಟಿನಲ್ಲಿ ಇಟ್ಟ ಕಾಗದ ಇಟ್ಟಲ್ಲೇ ಇರುತ್ತದೆ, ಗೊತ್ತು. ಆದರೂ ಈ ಹಾಳೆಗಳನ್ನು ನಾನು ಶರಣುವಿನ ಕೈಗೆ ಕೊಡುತ್ತೇನೆ. ನಿಮ್ಮ ಮುತ್ಯಾನ ಕೈಗೆ ನಂಬಿ ಏನನ್ನೂ ಕೊಡಬೇಡ ಎಂದು ಎಲ್ಲರೂ ಹೇಳಿದರು, ನಾನೂ ಬಹಳ ವರ್ಷ ಕೊಡಲಿಲ್ಲ. ಶರಣು, ಇವನ್ನು ಜೋಪಾನವಾಗಿ ಇಟ್ಟುಕೋ ಮಗನೇ. ಎಲ್ಲಿ ಇಟ್ಟೆ ಎಂದು ಅಕ್ಕನ ಕಿವಿಯಲ್ಲಿ ಮಾತ್ರ ಹೇಳಿರು.